ಹಿಕ್ಕೆ, ತಕ್ಕಡಿ ಮತ್ತು ಮೊಲದ ಡಾಕ್ಟರು

ನನ್ನ ಕ್ಲಿನಿಕ್ಕಿನಲ್ಲಿ ದಿನವಿಡೀ ದುಡಿಯುವ ಉಪಕರಣ ಎಕ್ಸ್‌ರೇ ಯಂತ್ರವೂ ಅಲ್ಲ, ಸ್ಟೆತೊಸ್ಕೋಪೂ ಅಲ್ಲ. ಪಾತ್ರೆ ಅಂಗಡಿಯಿಂದ ತಂದ ಎಲೆಕ್ಟ್ರಾನಿಕ್ ತಕ್ಕಡಿ. ಅದರ ಮೇಲೊಂದು ಪ್ಲಾಸ್ಟಿಕ್ ಡಬ್ಬ, ಡಬ್ಬದ ತಳಕ್ಕೆ ಹಳೇ ಟವೆಲ್ಲಿನ ತುಂಡು. ಆ ಡಬ್ಬದಲ್ಲಿ ಬೆಳಿಗ್ಗೆ ಗಿನಿ ಪಿಗ್ ಕೂತಿದ್ದರೆ ಸಂಜೆ ಬಡ್ಜಿ ಕೂತಿರುತ್ತದೆ (ನಮ್ಮಲ್ಲಿ ಎಲ್ಲರೂ ‘ಲವ್ ಬರ್ಡ್ಸ್’ ಅಂತ ಕೊಳ್ಳುವ ಹಕ್ಕಿ ಇದೇ). ಒಂದು ಬಡ್ಜಿಯ ತೂಕ 35 ಗ್ರಾಂ ಆಸುಪಾಸು. ಅದರಲ್ಲಿ ಮೂರೂವರೆ ಗ್ರಾಂ ಇಳಿದರೆ, ಎಪ್ಪತ್ತು ಕೆ.ಜಿ. ಮನುಷ್ಯ ಏಳು ಕೆ.ಜಿ. ಇಳಿದ ಲೆಕ್ಕ. ಗರಿ ಉಬ್ಬಿಸಿಕೊಂಡು ದುಂಡಗೆ ಕೂತ ಹಕ್ಕಿಯಲ್ಲಿ ಇದು ಕಣ್ಣಿಗೆ ಕಾಣುವುದಿಲ್ಲ. ತಕ್ಕಡಿಗೆ ಕಾಣುತ್ತದೆ.

ಮೊಲ, ಗಿನಿ ಪಿಗ್, ಹ್ಯಾಮ್‌ಸ್ಟರ್, ಬಡ್ಜಿ, ಕಾಕಟೀಲ್, ಕೆಂಪು ಕಿವಿಯ ಆಮೆ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ವ್ಯಾಪಾರದವರು ‘ಎಕ್ಸಾಟಿಕ್’ ಅನ್ನುತ್ತಾರೆ. ನಮ್ಮ ಪಶುವೈದ್ಯಕೀಯ ಪದವಿ ಐದೂವರೆ ವರ್ಷದ್ದು. ಅದರ ಬಹುಪಾಲು ಹಸು, ಎಮ್ಮೆ, ಕುರಿ, ಮೇಕೆ, ಕೋಳಿಗಳಿಗೆ ಮೀಸಲು, ಮಿಕ್ಕಿದ್ದು ನಾಯಿಗೆ. ಮೊಲವೂ ಬರುತ್ತದೆ, ಆದರೆ ಮಾಂಸಕ್ಕೂ ತುಪ್ಪಟಕ್ಕೂ ಸಾಕುವ ಜಾನುವಾರಾಗಿ. ಸೋಫಾದ ಕೆಳಗೆ ವಾಸ ಮಾಡುವ, ಹೆಸರು ಕೂಗಿದರೆ ಓಡಿ ಬರುವ ಮೊಲದ ಹಲ್ಲುನೋವು ನನ್ನ ಸಿಲಬಸ್ಸಿನಲ್ಲಿ ಇರಲಿಲ್ಲ. ಚನ್ನರಾಯಪಟ್ಟಣದ ಕಡೆ ನಮ್ಮೂರಿನಲ್ಲಿ ನಾನು ಈಗಲೂ ದನದ ಡಾಕ್ಟ್ರೇ. ಅಪ್ಪ ಮೈಸೂರಿಗೆ ಬಂದಾಗ ಕ್ಲಿನಿಕ್ಕಿನಲ್ಲಿ ಕೂತು, ಹ್ಯಾಮ್‌ಸ್ಟರಿಗೆ ಹನಿ ಔಷಧಿ ಕುಡಿಸುವುದನ್ನು ನೋಡಿ, “ಇಲಿಗೂ ಔಷಧಿ ಕೊಡ್ತೀಯೇನಮ್ಮ? ನಾವು ಕೊಡೋ ಔಷಧಿನೇ ಬೇರೆ” ಅಂದರು. ಹ್ಯಾಮ್‌ಸ್ಟರ್ ತಂದಿದ್ದ ಹುಡುಗಿಗೆ ಅದು ಅರ್ಥವಾಗದೇ ಹೋದದ್ದು ನನ್ನ ಪುಣ್ಯ.

ಕಾಲೇಜಿನಲ್ಲಿ ಕಲಿಸಿದ ಕ್ರಮ ಸರಳ. ಮೊದಲು ಕಾಯಿಲೆ ಯಾವುದೆಂದು ಕಂಡುಹಿಡಿ, ಆಮೇಲೆ ಔಷಧಿ ಕೊಡು. ಈ ಪುಟ್ಟ ಜೀವಗಳ ಎದುರು ಆ ಕ್ರಮ ತಿರುಗುಮುರುಗಾಗುತ್ತದೆ. ಮೊದಲು ಉಳಿಸಿಕೊಳ್ಳಬೇಕು. ಕಾಯಿಲೆಯ ಹೆಸರು ಗೊತ್ತಾಗುವುದು ಆಮೇಲೆ. ಕೆಲವೊಮ್ಮೆ ಅದು ಸತ್ತ ಮೇಲೆ.

“ನಿನ್ನೆ ರಾತ್ರಿವರೆಗೂ ಚೆನ್ನಾಗೇ ಇತ್ತು ಮೇಡಂ, ಬೆಳಿಗ್ಗೆ ನೋಡಿದ್ರೆ ಹೀಗೆ.” ಈ ಮಾತು ಕೇಳದ ವಾರವಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ನಾಯಿಗೆ ನೋವಾದರೆ ಕುಂಯ್‌ಗುಟ್ಟುತ್ತದೆ, ಮನೆಯವರ ಹಿಂದೆ ಸುತ್ತುತ್ತದೆ. ಹದ್ದಿಗೂ ನರಿಗೂ ಆಹಾರವಾಗಿ ಬಂದ ಪ್ರಾಣಿ ಹಾಗೆ ಮಾಡಿದರೆ ಬದುಕುವುದಿಲ್ಲ. ಗುಂಪಿನಲ್ಲಿ ಯಾವುದು ಕುಂಟುತ್ತದೋ ಅದನ್ನೇ ಶತ್ರು ಹಿಡಿಯುವುದು. ಹಾಗಾಗಿ ಮೊಲ ಕೊನೆಯವರೆಗೂ ನೆಟ್ಟಗೆ ಕೂತಿರುತ್ತದೆ, ಬಡ್ಜಿ ಕಾಳು ತಿನ್ನುವ ಹಾಗೆ ಕೊಕ್ಕಾಡಿಸುತ್ತದೆ. ಬಟ್ಟಲು ನೋಡಿದರೆ ಸಿಪ್ಪೆಯನ್ನೇ ಕೆದಕಿರುತ್ತದೆ, ಒಂದು ಕಾಳನ್ನೂ ನುಂಗಿರುವುದಿಲ್ಲ. ಅದು ಮರೆಮಾಚುವುದನ್ನು ಬಿಟ್ಟಿದೆ ಅಂದರೆ ಮರೆಮಾಚಲು ಶಕ್ತಿಯೇ ಉಳಿದಿಲ್ಲ ಅಂತ.

ಅದಕ್ಕೇ ಫೋನ್ ಮಾಡಿದವರಿಗೆ ನಾನು ಹೇಳುವುದು: ಪ್ರಾಣಿಯನ್ನಷ್ಟೇ ತರಬೇಡಿ, ಪಂಜರದ ಸಮೇತ ಬನ್ನಿ. ದಯವಿಟ್ಟು ತೊಳೆದು ತರಬೇಡಿ. ನಮ್ಮವರಿಗೆ ಡಾಕ್ಟರ ಮುಂದೆ ಕೊಳಕು ಪಂಜರ ಇಡಲು ನಾಚಿಕೆ. ಹೊಸ ಪೇಪರ್ ಹಾಸಿ, ಬಟ್ಟಲು ಉಜ್ಜಿ, ನಾನು ಓದಬೇಕಾದ್ದನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಬರುತ್ತಾರೆ. ಹಾಸಿದ ಪೇಪರಿನ ಮೇಲೆ ಎರಡು ದಿನದ ಕಥೆ ಬರೆದಿರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗವಿರುತ್ತದೆ: ಗಟ್ಟಿ ಮಲ, ಸುಣ್ಣದಂಥ ಬಿಳಿ ಯೂರೇಟ್ (ಮೂತ್ರದ ಗಟ್ಟಿ ಭಾಗ), ಸುತ್ತಲೂ ನೀರು. ಬಿಳಿ ಇರಬೇಕಾದಲ್ಲಿ ಹಸಿರು ಕಂಡರೆ ಯಕೃತ್ತಿನ ಕಡೆ ಅನುಮಾನ ಹೋಗುತ್ತದೆ. ಮಲವೇ ಇಲ್ಲದೆ ನೀರೂ ಬಿಳಿಯೂ ಮಾತ್ರ ಇದ್ದರೆ ಹಕ್ಕಿ ತಿಂದೇ ಇಲ್ಲ.

ಇನ್ನು ಆಹಾರದ ವಿಚಾರಣೆ. “ಏನು ತಿನ್ನಿಸ್ತೀರಿ?” ಅಂದರೆ ಮೊದಲ ಉತ್ತರ “ಎಲ್ಲಾ ತಿನ್ನುತ್ತೆ”. ಎರಡನೇ ಸಲ ಕೇಳಿದಾಗ ಕ್ಯಾರೆಟ್, ಸೌತೆಕಾಯಿ, ಪಾಲಕ್ ಹೊರಬರುತ್ತವೆ. ಇನ್ನಷ್ಟು ಕೆದಕಿದರೆ, ಪಕ್ಕದಲ್ಲಿ ನಿಂತ ಮಗು ಅಮ್ಮನ ಮುಖ ನೋಡಿಕೊಂಡು, “ಬೆಳಿಗ್ಗೆ ಕಾಫಿ ಜೊತೆ ತಾತ ಬಿಸ್ಕೆಟ್ ಕೊಡ್ತಾರೆ” ಅನ್ನುತ್ತದೆ. ಕಾಯಿಲೆಯ ಅರ್ಧ ಅಲ್ಲಿಗೆ ಸಿಕ್ಕಿತು.

ನನ್ನ ಹತ್ತಿರ ಬರುವ ಮೊಲಗಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಹೊಟ್ಟೆ ನಿಲ್ಲುವುದು. ಕರುಳಿನ ಚಲನೆ ನಿಧಾನವಾಗಿ, ಕೊನೆಗೆ ನಿಂತೇಹೋಗುವ ಸ್ಥಿತಿ. ಮೊಲದ ಹೊಟ್ಟೆ ಖಾಲಿಯಾಗಿ ಇರಬಾರದು. ಹುಲ್ಲು ಒಳಗೆ ಹೋಗುತ್ತಲೇ ಇರಬೇಕು, ಹಿಕ್ಕೆ ಹೊರಗೆ ಬೀಳುತ್ತಲೇ ಇರಬೇಕು. ಅದು ವಾಂತಿ ಮಾಡಲಾರದು. ಹನ್ನೆರಡು ಗಂಟೆ ಏನೂ ತಿನ್ನದ ಮೊಲವನ್ನು ನಾನು ತುರ್ತು ಕೇಸು ಅಂತಲೇ ನೋಡುತ್ತೇನೆ.

ಕುವೆಂಪುನಗರದ ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಆಟೋದಲ್ಲಿ ಬಂದಿದ್ದರು. ತರಕಾರಿ ಬುಟ್ಟಿಯಲ್ಲಿ ಬಿಳಿ ಮೊಲ, ಮೇಲೆ ಅಜ್ಜಿಯದೇ ಸೀರೆಯ ಸೆರಗಿನ ತುಂಡು.

“ಊಟ ಬಿಟ್ಟದೆ ಡಾಕ್ಟ್ರಮ್ಮ. ನಿನ್ನೆ ಸಂಜೆ ಕ್ಯಾರೆಟ್ಟು ಮೂಸಿ ಹಂಗೇ ಬಿಡ್ತು.”

“ಹಿಕ್ಕೆ ಹಾಕಿದೆಯೇನಜ್ಜಿ?”

ಅಜ್ಜಿ ಉತ್ತರ ಕೊಡುವ ಮುಂಚೆ ಹುಡುಗ ಚಡ್ಡಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದ. ಆ ಹುಡುಗನಿಗೆ ಅಲ್ಲೇ ವೆಟರ್ನರಿ ಕಾಲೇಜಿನ ಸೀಟು ಕೊಟ್ಟುಬಿಡಬೇಕು ಅನ್ನಿಸಿತು. ಆರೋಗ್ಯದ ಮೊಲದ ಹಿಕ್ಕೆ ಕಡಲೆಕಾಳಿನ ಗಾತ್ರದ್ದು, ಕಂದು ಬಣ್ಣದ್ದು. ಬೆರಳಲ್ಲಿ ಹಿಸುಕಿದರೆ ಪುಡಿಯಾಗಿ ಒಳಗೆ ಹುಲ್ಲಿನ ಎಳೆ ಕಾಣುತ್ತದೆ. ಪೊಟ್ಟಣದಲ್ಲಿದ್ದವು ಕಪ್ಪಗೆ, ಚಿಕ್ಕದಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ನಾಲ್ಕೈದನ್ನು ಒಂದು ಬಿಳಿ ಕೂದಲು ಪೋಣಿಸಿಕೊಂಡಿತ್ತು.

ಮೊಲವನ್ನು ಕಿವಿ ಹಿಡಿದು ಎತ್ತಬಾರದು ಅಂತ ಈಗ ಬಹಳ ಜನಕ್ಕೆ ಗೊತ್ತು. ಹಿಂಗಾಲು ಗಾಳಿಯಲ್ಲಿ ತೂಗಲು ಬಿಡಬಾರದು ಅನ್ನುವುದು ಅಷ್ಟು ಗೊತ್ತಿಲ್ಲ. ಮೊಲದ ಮೂಳೆಯ ತೂಕ ಅದರ ಮೈತೂಕದ ಶೇ. 7-8 ಮಾತ್ರ, ತೊಡೆಯ ಮಾಂಸಖಂಡವೋ ಬಲವಾದದ್ದು. ಹೆದರಿ ಒಮ್ಮೆ ಜಾಡಿಸಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಟವೆಲ್ಲಿನಲ್ಲಿ ಸುತ್ತಿ, ಹಿಂಭಾಗಕ್ಕೆ ಅಂಗೈ ಕೊಟ್ಟು ಮೇಜಿಗೆ ತಂದೆ. ಮುಟ್ಟುವ ಮೊದಲು ಒಂದೆರಡು ನಿಮಿಷ ಸುಮ್ಮನೆ ಮುಖ ನೋಡಿದೆ. ಮೊಲದ ನೋವನ್ನು ಮುಖದಿಂದ ಅಳೆಯುವ ಒಂದು ಕ್ರಮವನ್ನು 2012ರಲ್ಲಿ ಸಂಶೋಧಕರು ರೂಪಿಸಿದರು: ಕಣ್ಣು ಎಷ್ಟು ಮುಚ್ಚಿದೆ, ಕೆನ್ನೆ ಚಪ್ಪಟೆಯಾಗಿದೆಯೇ, ಮೂಗಿನ ಆಕಾರ ಚೂಪಾಗಿದೆಯೇ, ಮೀಸೆ ಸೆಟೆದಿದೆಯೇ, ಕಿವಿ ಹಿಂದಕ್ಕೆ ಸುರುಳಿಯಾಗಿ ಬಿದ್ದಿದೆಯೇ. ಐದು ಅಂಶ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಇದರ ಕಣ್ಣು ಅರ್ಧ ಮುಚ್ಚಿತ್ತು. ಕೆನ್ನೆಯ ದುಂಡಗಿನ ಆಕಾರ ಹೋಗಿ ಮುಖ ಉದ್ದವಾದಂತೆ ಕಾಣುತ್ತಿತ್ತು. ಕಿವಿ ಹತ್ತಿರ ತಂದರೆ ಹಲ್ಲು ಕಡಿಯುವ ಸದ್ದು.

ಮೈ ಬಿಸಿ 37.1 ಡಿಗ್ರಿ ಸೆಲ್ಸಿಯಸ್. ಮೊಲಕ್ಕೆ ಇರಬೇಕಾದದ್ದು 38.5ರಿಂದ 40. ನಮಗೆ ಜ್ವರ ಬಂದರೆ ಗಾಬರಿ, ಮೊಲದ ಡಾಕ್ಟರಿಗೆ ಮೈ ತಣ್ಣಗಾದರೆ ಗಾಬರಿ.

ಇಂಥ ಹೊತ್ತಿನಲ್ಲಿ ಕೈ ತುರಿಸುತ್ತದೆ. ರಕ್ತ ತೆಗೆಯೋಣ, ಎಕ್ಸ್‌ರೇ ಮಾಡೋಣ, ಬಾಯಿ ಬಿಡಿಸಿ ನೋಡೋಣ, ಏನಾಗಿದೆ ಅಂತ ಈಗಲೇ ತಿಳಿಯಬೇಕು. ತಣ್ಣಗಾದ, ಹೆದರಿದ, ನೋವಿನಲ್ಲಿರುವ ಮೊಲವನ್ನು ಅಷ್ಟೆಲ್ಲ ಹಿಂಸಿಸಿದರೆ ಉತ್ತರ ಸಿಗುತ್ತದೆ, ಮೊಲ ಸಿಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎರಡೂ ಪಕ್ಕಕ್ಕೆ ಇಟ್ಟೆ. ಬೆಚ್ಚಗೆ ಮಾಡಿದ ಸಲೈನನ್ನು ಬೆನ್ನ ಮೇಲಿನ ಸಡಿಲ ಚರ್ಮದಡಿ ಕೊಟ್ಟೆ. ಭುಜದ ನಡುವೆ ನಿಂಬೆಹಣ್ಣಿನಷ್ಟು ಉಬ್ಬು ಎದ್ದು ಮೆಲ್ಲಗೆ ಇಳಿಯಿತು. ನೋವಿಗೆ ಒಂದು ಚುಚ್ಚುಮದ್ದು. ಆಮೇಲೆ ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ, ನಾಯಿಗಳ ಸದ್ದು ಕೇಳಿಸದ ಒಳಕೋಣೆಗೆ ಇಟ್ಟು, ಅಜ್ಜಿಗೆ ಕಾಫಿ ತರಿಸಿದೆ. ಅಜ್ಜಿ ಎರಡು ಸಲ ಕೇಳಿದರು, “ಏನಾಗದೆ ಅಂತ ಹೇಳಲೇ ಇಲ್ವಲ್ಲ?” ಗೊತ್ತಿಲ್ಲ ಅಂದೆ. ಗೊತ್ತಿಲ್ಲದೇ ಸೂಜಿ ಹಾಕಿದ ಡಾಕ್ಟರನ್ನು ಅಜ್ಜಿ ಮೊದಲ ಸಲ ನೋಡಿದ್ದಿರಬೇಕು.

ಮೈ ಕಾವೇರಿದ ಮೇಲೆ ಕಿವಿಯ ರಕ್ತನಾಳದಿಂದ ಒಂದೇ ಒಂದು ಹನಿ ರಕ್ತ, ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಇಟ್ಟುಕೊಳ್ಳುವ ಗ್ಲೂಕೋಮೀಟರಿಗೆ. ಮನುಷ್ಯರ ಯಂತ್ರ ಮೊಲದ ರಕ್ತದಲ್ಲಿ ತುಸು ಆಚೀಚೆ ತೋರಿಸುತ್ತದೆ, ಆದರೂ ಕೆಲಸಕ್ಕೆ ಬರುತ್ತದೆ. ಹೆದರಿದ ಮೊಲದಲ್ಲೂ ಸಕ್ಕರೆ 200 ಮುಟ್ಟಬಹುದು. 360 ದಾಟಿದರೆ ಕರುಳಿನಲ್ಲಿ ಏನೋ ಅಡ್ಡ ಸಿಕ್ಕಿಕೊಂಡಿದೆ ಅನ್ನುವ ಅನುಮಾನ ಬಲವಾಗುತ್ತದೆ. ಆಗ ಬಾಯಿಗೆ ಆಹಾರ ತುರುಕುವುದು ಅಪಾಯ, ಊದಿದ ಜಠರ ಒಡೆದೇಹೋಗಬಹುದು. ಇದರದ್ದು 190. ಎಕ್ಸ್‌ರೇಯಲ್ಲಿ ಅಲ್ಲಲ್ಲಿ ಗಾಳಿ, ಜಠರ ಊದಿಲ್ಲ. ಸರಿ, ತಿನ್ನಿಸಬಹುದು. ಹುಲ್ಲಿನ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ, ಸಿರಿಂಜಿನಿಂದ, ಬಾಯಿಯ ಪಕ್ಕದ ಸಂದಿಯಿಂದ, ಅದು ಜಗಿದು ನುಂಗುವವರೆಗೆ ಕಾದು ಕಾದು. ನೇರ ಮುಂದಿನಿಂದ ಪಿಚಕಾರಿ ಹೊಡೆದರೆ ಶ್ವಾಸನಾಳಕ್ಕೆ ಹೋಗುತ್ತದೆ.

ಹೆಸರು ಸಿಕ್ಕಿದ್ದು ಮರುದಿನ. ಕಿವಿ ನೋಡುವ ದೀಪದ ಕೊಳವೆಯನ್ನು ಬಾಯಿಯ ಪಕ್ಕದಿಂದ ಒಳಗಿಟ್ಟರೆ ದವಡೆ ಹಲ್ಲು ಕಾಣುತ್ತದೆ. ಕೆಳದವಡೆಯ ಎಡಗಡೆ ಒಂದು ಹಲ್ಲು ಮುಳ್ಳಿನ ಹಾಗೆ ಒಳಕ್ಕೆ ಬೆಳೆದು ನಾಲಿಗೆಯ ಅಂಚಿಗೆ ಚುಚ್ಚುತ್ತಿತ್ತು, ಅಲ್ಲಿ ಬಿಳಿ ಹುಣ್ಣು. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಮುಂದಿನ ಬಾಚಿಹಲ್ಲು ವಾರಕ್ಕೆ 2-3 ಮಿ.ಮೀ. ಹುಲ್ಲನ್ನು ಅಡ್ಡಡ್ಡ ಅರೆದರೆ ಮಾತ್ರ ದವಡೆ ಹಲ್ಲು ಸಮನಾಗಿ ಸವೆಯುತ್ತದೆ. ಈ ಮೊಲಕ್ಕೆ ಹುಲ್ಲು ಸಿಗುತ್ತಿರಲಿಲ್ಲ. ಕ್ಯಾರೆಟ್, ಚಪಾತಿ, ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಬಣ್ಣದ ಪೆಲೆಟ್. ನಾಲಿಗೆ ನೋವಿಗೆ ಊಟ ಬಿಟ್ಟಿತು, ಊಟ ಬಿಟ್ಟಿದ್ದಕ್ಕೆ ಹೊಟ್ಟೆ ನಿಂತಿತು, ಹೊಟ್ಟೆನೋವಿಗೆ ಮತ್ತೂ ಊಟ ಬಿಟ್ಟಿತು.

ಹಳೆಯ ಪುಸ್ತಕಗಳಲ್ಲಿ ಇಂಥದ್ದಕ್ಕೆ ಕೂದಲುಂಡೆಯೇ ಕಾರಣ ಅಂತಿತ್ತು. ಅನಾನಸ್ ರಸ ಕುಡಿಸಿದರೆ ಕೂದಲು ಕರಗುತ್ತದೆ ಅನ್ನುವ ಸಲಹೆ ಇವತ್ತಿಗೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅನಾನಸಿನ ಕಿಣ್ವಕ್ಕೆ ಕೂದಲು ಕರಗುವುದಿಲ್ಲ. ಮೈ ನೆಕ್ಕಿಕೊಳ್ಳುವ ಎಲ್ಲ ಮೊಲದ ಹೊಟ್ಟೆಯಲ್ಲೂ ಕೂದಲಿರುತ್ತದೆ. ಕರುಳು ಓಡುತ್ತಿದ್ದರೆ ಅದು ಹುಲ್ಲಿನ ಜೊತೆ ಹೊರಗೆ ಹೋಗುತ್ತದೆ, ನಿಂತರೆ ಅಲ್ಲೇ ಉಂಡೆಗಟ್ಟುತ್ತದೆ. ನಿಂತ ಹೊಟ್ಟೆಗೆ ಹಣ್ಣಿನ ಸಕ್ಕರೆ ಸುರಿದರೆ ಹುಳಿ ಎದ್ದು ಗಾಳಿ ತುಂಬುತ್ತದೆ, ಅಷ್ಟೇ.

ಹುಲ್ಲು ಎಲ್ಲಿಂದ ತರೋದು ಅಂತ ಪೇಟೆಯವರ ಪ್ರಶ್ನೆ. ಆನ್‌ಲೈನಿನಲ್ಲಿ ಸಿಗುವ ಟಿಮೊಥಿ ಹುಲ್ಲು ಒಳ್ಳೆಯದೇ, ಬೆಲೆ ಮಾತ್ರ ಕೈ ಸುಡುತ್ತದೆ. ನಾನು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಕಳಿಸುತ್ತೇನೆ. ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಗಿನಿ ಪಿಗ್‌ಗೂ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ನೀರಲ್ಲಿ ತೊಳೆದು, ನೆರಳಲ್ಲಿ ಆರಿಸಿ ಕೊಡಿ. ಒಣಹುಲ್ಲು ಅಂತ ಬರೀ ಭತ್ತದ ಹುಲ್ಲು ಹಾಕುವವರಿದ್ದಾರೆ. ಅದರಲ್ಲಿ ಸತ್ವ ಕಡಿಮೆ, ಹಾಸಿಗೆಗೆ ಸರಿ, ಊಟಕ್ಕೆ ಸಾಲದು. ಕುದುರೆ ಮಸಾಲೆ ಸೊಪ್ಪು ಬೆಳೆಯುವ ಮರಿಗೆ ಒಳ್ಳೆಯದು. ದೊಡ್ಡ ಮೊಲಕ್ಕೆ ದಿನವೂ ಹಾಕಿದರೆ ಅದರ ಸುಣ್ಣದಂಶವೆಲ್ಲ ಮೂತ್ರಕೋಶದಲ್ಲಿ ಕೆಸರಾಗಿ ಕೂರುತ್ತದೆ. ಮೊಲ ತಿಂದ ಕ್ಯಾಲ್ಸಿಯಂ ಬೇಕೋ ಬೇಡವೋ ರಕ್ತಕ್ಕೆ ಸೇರಿ ಮೂತ್ರದಲ್ಲೇ ಹೊರಬೀಳುವುದು. ಮೂತ್ರ ಕೆಂಪಾಯಿತು ಅಂತ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಬಹಳ ಸಲ ಅದು ರಕ್ತವಲ್ಲ, ಆಹಾರಕ್ಕೆ ತಕ್ಕಂತೆ ಬರುವ ಬಣ್ಣ. ಬಟ್ಟಲಿಗೆ ಹಿಡಿದು ಬೆಳಿಗ್ಗೆ ತನ್ನಿ, ಪರೀಕ್ಷಾ ಪಟ್ಟಿ ಅದ್ದಿದರೆ ತಿಳಿಯುತ್ತದೆ. ಆದರೆ ಮೂರ್ನಾಲ್ಕು ವರ್ಷ ದಾಟಿದ, ಗರ್ಭಕೋಶ ತೆಗೆಸದ ಹೆಣ್ಣು ಮೊಲವಾಗಿದ್ದರೆ ಸುಮ್ಮನಿರಬೇಡಿ. ಅವುಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತೀರಾ ಸಾಮಾನ್ಯ, ಅದರ ಮೊದಲ ಗುರುತು ರಕ್ತವೇ.

ಔಷಧಿಯ ವಿಷಯಕ್ಕೆ ಬಂದರೆ, ಕೊಡುವುದಕ್ಕಿಂತ ಕೊಡದಿರುವುದು ದೊಡ್ಡ ವಿದ್ಯೆ. ಮಕ್ಕಳಿಗೆ ಕೊಟ್ಟು ಉಳಿದ ಅಮಾಕ್ಸಿಸಿಲಿನ್ ಸಿರಪ್ಪು ಬಹಳ ಮನೆಗಳ ಫ್ರಿಜ್ಜಿನಲ್ಲಿರುತ್ತದೆ. ಮೊಲ ಸೀನಿದರೆ, ಗಿನಿ ಪಿಗ್‌ಗೆ ಗಾಯವಾದರೆ, “ಮಗೂಗೇ ಕೊಡ್ತೀವಲ್ಲ, ಎರಡು ಹನಿ ಹಾಕಿದ್ರೇನು” ಅಂತ ಹಾಕಿಬಿಡುತ್ತಾರೆ. ಈ ಪ್ರಾಣಿಗಳ ದೊಡ್ಡ ಕರುಳಿನಲ್ಲಿ ಹುಲ್ಲು ಹುದುಗಿಸುವ ಸೂಕ್ಷ್ಮಜೀವಿಗಳ ಒಂದು ಊರೇ ಇದೆ. ಬಾಯಿಯಿಂದ ಹೋದ ಪೆನಿಸಿಲಿನ್ ಜಾತಿಯ ಔಷಧಿ ಅದರಲ್ಲಿ ಒಳ್ಳೆಯವರನ್ನು ಕೊಲ್ಲುತ್ತದೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಸುರಿಸುತ್ತದೆ. ಕೆಲವು ದಿನ ಬಿಟ್ಟು ಭೇದಿ, ಆಮೇಲೆ ಸಾವು. ಸೀನಿಗೂ ಸಾವಿಗೂ ನಡುವೆ ಸಿರಪ್ಪು ಇತ್ತು ಅನ್ನುವುದು ಎಷ್ಟೋ ಮನೆಯವರಿಗೆ ಹೊಳೆಯುವುದೇ ಇಲ್ಲ.

ಚರಿತ್ರೆಯಲ್ಲಿ ಇದಕ್ಕೊಂದು ವಿಚಿತ್ರ ತಿರುವು ಇದೆ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಹೊವಾರ್ಡ್ ಫ್ಲೋರಿ ಅನ್ನುವ ವಿಜ್ಞಾನಿಯ ತಂಡ ಎಂಟು ಇಲಿಗಳಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟಿತು. ಮರುದಿನ ಬೆಳಿಗ್ಗೆ ಬದುಕಿದ್ದದ್ದು ಆ ನಾಲ್ಕೇ. ಪೆನಿಸಿಲಿನ್ ಗಿನಿ ಪಿಗ್‌ಗಳನ್ನು ಕೊಲ್ಲುತ್ತದೆ ಅನ್ನುವ ವರದಿ ಬಂದದ್ದು 1943ರಲ್ಲಿ. ಅವರ ಪ್ರಯೋಗಶಾಲೆಯಲ್ಲಿ ಆ ದಿನ ಇಲಿಯ ಬದಲು ಗಿನಿ ಪಿಗ್ ಇದ್ದಿದ್ದರೆ, ಆ ಔಷಧಿಯನ್ನು ವಿಷವೆಂದು ಬದಿಗೆ ಸರಿಸಿಬಿಡುತ್ತಿದ್ದರೋ ಏನೋ. ಅದೇ ಪೆನಿಸಿಲಿನ್ನನ್ನು ಮೊಲದ ಕೆಲವು ಕಾಯಿಲೆಗಳಿಗೆ ಚುಚ್ಚುಮದ್ದಾಗಿ ನಾವು ಬಳಸುವುದೂ ಉಂಟು. ಬಾಯಿಂದ ಹೋದರೆ ವಿಷ, ಸೂಜಿಯಿಂದ ಹೋದರೆ ಮದ್ದು.

ಹೀಗೇ ಇನ್ನೂ ಇವೆ. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ಹಾಕಿದರೆ ಫಿಟ್ಸ್ ಬಂದು ಸಾಯಬಹುದು. ಮೊಲದ ಕಿವಿಯಲ್ಲಿ ಹಕ್ಕಳೆ ಕಟ್ಟಿಸುವ ಕಜ್ಜಿ ಹುಳಕ್ಕೆ ಐವರ್‌ಮೆಕ್ಟಿನ್ ರಾಮಬಾಣ, ಅದೇ ಐವರ್‌ಮೆಕ್ಟಿನ್ ಆಮೆಗೆ ಯಮ. (ಆ ಹಕ್ಕಳೆ ಕೀಳಬೇಡಿ, ಕೆಳಗೆ ಹಸಿ ಗಾಯವಿರುತ್ತದೆ, ಹುಳ ಸತ್ತ ಮೇಲೆ ತಾನೇ ಉದುರುತ್ತದೆ.) ಒಂದು ಜಾತಿಯಲ್ಲಿ ಕಲಿತದ್ದು ಇನ್ನೊಂದಕ್ಕೆ ಒಯ್ಯುವಂತಿಲ್ಲ ಅನ್ನುವುದೇ ಈ ಕೆಲಸದ ಕಷ್ಟ. ಗೂಗಲ್ ನೋಡಿ ಬರುವವರ ಮೇಲೆ ನನಗೇನೂ ಸಿಟ್ಟಿಲ್ಲ, ನೋಡಿ ಬರಲಿ. ನೋಡಿ ಕೊಟ್ಟು ಬರುವವರ ಮೇಲೆ ಸಿಟ್ಟಿದೆ.

ಗಿನಿ ಪಿಗ್‌ನ ಮಾತು ಬಂದಾಗ ವಿಟಮಿನ್ ಸಿ ಹೇಳದೆ ಇರಲಾಗದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಹಡಗಿನ ನಾವಿಕರ ಕಾಯಿಲೆಯನ್ನು ಹುಡುಕುತ್ತಾ ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದರು. ಅವಕ್ಕೆ ವಿಟಮಿನ್ ಸಿ ಕೊರತೆಯ ಕಾಯಿಲೆಯಾದ ಸ್ಕರ್ವಿ ಬಂತು. ಮನುಷ್ಯರ ಹಾಗೆ ಗಿನಿ ಪಿಗ್ ಕೂಡ ತನ್ನ ಮೈಯಲ್ಲಿ ವಿಟಮಿನ್ ಸಿ ಮಾಡಿಕೊಳ್ಳಲಾರದು. ಇಷ್ಟು ಹಳೆಯ ವಿಷಯ, ಆದರೂ ತಿಂಗಳಲ್ಲಿ ಒಂದಾದರೂ ಬರುತ್ತದೆ: “ಕಾಲು ಎಳೀತಿದೆ, ಎಲ್ಲಿಂದಾದ್ರೂ ಬಿತ್ತೇನೋ.” ಬಿದ್ದಿರುವುದಿಲ್ಲ. ಮಂಡಿ ಊದಿರುತ್ತದೆ, ಮುಟ್ಟಿದರೆ ಕಿರುಚುತ್ತದೆ, ರೋಮ ಒರಟಾಗಿರುತ್ತದೆ. ಪೆಲೆಟ್ಟಿನಲ್ಲಿ ವಿಟಮಿನ್ ಹಾಕಿದ್ದರೂ ಚೀಲ ಒಡೆದು ತಿಂಗಳುಗಟ್ಟಲೆ ಇಟ್ಟರೆ ಅದು ಉಳಿಯುವುದಿಲ್ಲ. ಕುಡಿಯುವ ನೀರಿಗೆ ಬೆರೆಸಿದರೂ ಬೇಗ ಹಾಳಾಗುತ್ತದೆ. ಆರೋಗ್ಯವಾಗಿದ್ದರೆ ಕೆ.ಜಿ. ತೂಕಕ್ಕೆ ದಿನಕ್ಕೆ 10ರಿಂದ 30 ಮಿ.ಗ್ರಾಂ ಸಾಕು, ಒಂದು ಹೋಳು ದೊಣ್ಣೆ ಮೆಣಸಿನಕಾಯಿ, ಒಂದು ತುಂಡು ಸೀಬೆ, ನೆಲ್ಲಿಕಾಯಿಯ ಕಾಲದಲ್ಲಿ ಚೂರು ನೆಲ್ಲಿಕಾಯಿ. ಕಾಯಿಲೆ ಬಿದ್ದಿದ್ದಕ್ಕೆ ಹೆಚ್ಚು ಬೇಕು, ಅದನ್ನು ತೂಗಿ ಕೊಡುತ್ತೇವೆ. ವಾರದೊಳಗೆ ಅದು ಓಡಾಡುವುದನ್ನು ನೋಡುವುದು ಈ ವೃತ್ತಿಯ ಅಗ್ಗದ ಸಂತೋಷಗಳಲ್ಲೊಂದು.

ಕೆಲವೊಮ್ಮೆ ರೋಗ ಪ್ರಾಣಿಯ ಮೈಮೇಲಲ್ಲ, ತಂದವರ ಮೈಮೇಲೆ ಕಾಣುತ್ತದೆ. ಗಿನಿ ಪಿಗ್‌ನ ಮೂಗಿನ ಹತ್ತಿರ ಸ್ವಲ್ಪ ಕೂದಲುದುರಿದೆ ಅಷ್ಟೇ. ಎತ್ತಿಕೊಂಡು ಬಂದ ಮಗುವಿನ ಮುಂಗೈಯಲ್ಲಿ ದುಂಡಗಿನ ಕೆಂಪು ಹುಳುಕಡ್ಡಿ. ಇಬ್ಬರಿಗೂ ಒಂದೇ ಶಿಲೀಂಧ್ರ. ಮಗುವನ್ನು ಚರ್ಮದ ಡಾಕ್ಟರ ಹತ್ತಿರ ಕಳಿಸುತ್ತೇನೆ, ಗಿನಿ ಪಿಗ್ ನನ್ನ ಪಾಲಿಗೆ.

ಹಕ್ಕಿಗಳನ್ನು ಮುಟ್ಟುವುದೇ ಒಂದು ನಿರ್ಧಾರ. ಉಸಿರಿಗೆ ಕಷ್ಟಪಡುತ್ತಾ ಬಾಲ ಮೇಲೆ ಕೆಳಗೆ ಆಡಿಸುತ್ತಿರುವ ಬಡ್ಜಿಯನ್ನು ಹಿಡಿದ ಕೈಯಲ್ಲೇ ಕಳೆದುಕೊಳ್ಳಬಹುದು. ಹಕ್ಕಿಗೆ ನಮ್ಮ ಹಾಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಮಾಂಸದ ಪರದೆ) ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಉಸಿರು. ಎದೆಯನ್ನು ಒತ್ತಿ ಹಿಡಿದರೆ ಉಸಿರನ್ನೇ ಹಿಡಿದಂತೆ. ಹಾಗಾಗಿ ದೂರದಿಂದಲೇ ನೋಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಆಮ್ಲಜನಕ ಬಿಟ್ಟು, ಅದು ಸುಧಾರಿಸಿದ ಮೇಲೆ ಹಿಡಿಯುವುದು. ಹಿಡಿದಾಗ ಮೊದಲು ಬೆರಳು ಹೋಗುವುದು ಎದೆಮೂಳೆಯ ಏಣಿಗೆ. ಎರಡೂ ಕಡೆ ಮಾಂಸ ತುಂಬಿದ್ದರೆ ಕಾಯಿಲೆ ಹೊಸದು. ಕತ್ತಿಯ ಅಲಗಿನ ಹಾಗೆ ಚೂಪಾಗಿ ಸಿಕ್ಕರೆ, “ನಿನ್ನೆವರೆಗೂ ಚೆನ್ನಾಗಿತ್ತು” ಅನ್ನುವುದು ವಾರಗಳ ಹಿಂದಿನ ಮಾತು. ಬರೀ ನವಣೆ ತಿಂದು ಬೆಳೆದ ಬಡ್ಜಿಗಳಲ್ಲಿ ಎ ವಿಟಮಿನ್ ಕೊರತೆ ಎಷ್ಟು ಸಾಮಾನ್ಯವೆಂದರೆ, ಮೂಗು ಕಟ್ಟಿದ ಹಕ್ಕಿ ಬಂದರೆ ಔಷಧಿಗಿಂತ ಮೊದಲು ನುಗ್ಗೆಸೊಪ್ಪಿನ ಮಾತಾಡುತ್ತೇನೆ. ಮನೆಯಲ್ಲಿ ನಾನ್‌ಸ್ಟಿಕ್ ಕಾವಲಿ ಖಾಲಿ ಕಾದು ಹೊಗೆ ಬಂದಿತ್ತೇ ಅಂತಲೂ ಕೇಳುತ್ತೇನೆ. ಆ ಹೊಗೆ ಅಡುಗೆ ಮಾಡುವವರಿಗೆ ಏನೂ ಮಾಡದಿರಬಹುದು, ನಡುಮನೆಯಲ್ಲಿರುವ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ.

ಅರಿವಳಿಕೆ ಬಗ್ಗೆ ಕೇಳುವವರಿಗೆ ಅಂಕಿ ಹೇಳಿಬಿಡುವುದೇ ಲೇಸು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆಯಿಂದಾದ ಸಾವು ನಾಯಿಗಳಲ್ಲಿ ಶೇ. 0.17, ಬೆಕ್ಕುಗಳಲ್ಲಿ ಶೇ. 0.24, ಮೊಲಗಳಲ್ಲಿ ಶೇ. 1.39, ಗಿನಿ ಪಿಗ್‌ಗಳಲ್ಲಿ ಶೇ. 3.8. ಬಡ್ಜಿಗಳಲ್ಲಿ ಶೇ. 16ಕ್ಕೂ ಹೆಚ್ಚು. ಇವು ಆ ಕಾಲದ ಆಸ್ಪತ್ರೆಗಳ ಲೆಕ್ಕ, ಅದಾದ ಮೇಲೆ ಔಷಧಿಯೂ ಕೈಯೂ ಸುಧಾರಿಸಿವೆ. ಆದರೂ ಹಲ್ಲು ಸವರಿಸಲು ಬಂದವರಿಗೆ ಇದನ್ನು ಹೇಳಿಯೇ ಸಹಿ ಹಾಕಿಸಿಕೊಳ್ಳುತ್ತೇನೆ. ಸಾವಿನ ಕಾರಣಗಳೂ ಬಹಳ ಸಲ ಸಣ್ಣವೇ: ಮೈ ತಣ್ಣಗಾಯಿತು, ನಾಯಿಗೆ ಮಾಡಿದಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಿದರು. ವಾಂತಿ ಮಾಡಲಾರದ ಮೊಲಕ್ಕೆ ಉಪವಾಸ ಬೇಕಿಲ್ಲ.

ಆಮೆಯದು ಇನ್ನೊಂದು ಲೋಕ, ಅದಕ್ಕೇ ಬೇರೆ ಬರಹ ಬೇಕು. ಒಂದು ಮಾತು ಮಾತ್ರ. ಚಿಪ್ಪಿನ ಮೇಲೆ ನಕ್ಷತ್ರದ ಗೆರೆಗಳಿರುವ ಆಮೆಯನ್ನು ಚೀಲದೊಳಗೆ ಮುಚ್ಚಿಟ್ಟುಕೊಂಡು ಬಂದು, “ಅದೃಷ್ಟಕ್ಕೆ ಅಂತ ಯಾರೋ ಕೊಟ್ರು” ಅನ್ನುವವರು ಇದ್ದಾರೆ. ನಕ್ಷತ್ರ ಆಮೆಯಾಗಲಿ, ನಮ್ಮ ಹಸಿರು ಗಿಣಿಯಾಗಲಿ, ಮೈನಾ ಆಗಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತಿಲ್ಲ. ಜೀವ ಹೋಗುತ್ತಿದ್ದರೆ ಚಿಕಿತ್ಸೆ ಕೊಡುತ್ತೇನೆ. ಆಮೇಲೆ ಅರಣ್ಯ ಇಲಾಖೆಗೆ ತಿಳಿಸುತ್ತೇನೆ, ಅದನ್ನೂ ಮೊದಲೇ ಹೇಳುತ್ತೇನೆ.

ದುಡ್ಡಿನ ಮಾತು ಯಾವಾಗಲೂ ಬರುತ್ತದೆ. ಹ್ಯಾಮ್‌ಸ್ಟರ್ ಕೊಂಡಿದ್ದಕ್ಕಿಂತ ಅದರ ಎಕ್ಸ್‌ರೇಗೆ ಹೆಚ್ಚು. “ಹೊಸದೇ ತಗೋಬಹುದಲ್ಲ ಮೇಡಂ” ಅಂತ ಅಪ್ಪ ಮೆಲ್ಲಗೆ ಅನ್ನುತ್ತಾರೆ, ಮಗಳು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳ ಹಾಗೆ ಗೋಡೆ ನೋಡುತ್ತಾಳೆ. ಆ ಅಪ್ಪಂದಿರನ್ನು ಕಲ್ಲುಹೃದಯದವರು ಅಂತ ನಾನು ಅನ್ನುವುದಿಲ್ಲ. ಸಂಬಳ ಎಷ್ಟು ಅಂತ ಅವರಿಗೆ ಗೊತ್ತು. ಹಾಗಾಗಿ ದುಬಾರಿ ಪರೀಕ್ಷೆಗೆ ಮೊದಲು ಅಗ್ಗದ್ದನ್ನೆಲ್ಲ ಮುಗಿಸುತ್ತೇನೆ: ತೂಕ, ಹಿಕ್ಕೆ, ಹಲ್ಲು, ಪಂಜರ, ಊಟ. ಅಲ್ಲಿಗೇ ಉತ್ತರ ಸಿಕ್ಕಿಬಿಡುವುದು ಹೆಚ್ಚು. ಸಿಗದಿದ್ದರೆ, ಎರಡರಲ್ಲಿ ಯಾವುದಾದರೂ ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಚಿಕಿತ್ಸೆಯನ್ನು ಬದಲಿಸಬಲ್ಲ ಪರೀಕ್ಷೆಯನ್ನು ಮಾತ್ರ ಮಾಡಿಸುತ್ತೇನೆ. ಹೆಸರು ತಿಳಿಯುವ ಕುತೂಹಲ ನನ್ನದು, ಅದರ ಖರ್ಚನ್ನು ಅವರ ಮೇಲೆ ಹಾಕುವುದು ಸರಿಯಲ್ಲ.

ಆದರೆ ಸತ್ತ ಮೇಲೆ ಹೆಸರು ಬೇಕೇಬೇಕಾಗುವ ಸಂದರ್ಭಗಳಿವೆ, ಮನೆಯಲ್ಲಿ ಇನ್ನೂ ಬದುಕಿರುವ ಜೊತೆಯವಿದ್ದರೆ. ನಾಲ್ಕು ಕಾಕಟೀಲ್ ಸಾಕಿದ್ದ ಒಂದು ಮನೆಯಲ್ಲಿ ಒಂದು ಸತ್ತಿತು. ತೂಕ ಇಳಿದಿತ್ತು, ಹಿಕ್ಕೆಯ ಬಿಳಿ ಹಸಿರಾಗಿತ್ತು. ಪೋಸ್ಟ್‌ಮಾರ್ಟಂ ಮಾಡೋಣ ಅಂದಾಗ ಆ ಮನೆಯ ಸೊಸೆ, “ಸತ್ತಿದ್ದನ್ನ ಕೊಯ್ಯೋದ್ಯಾಕೆ?” ಅಂತ ಅತ್ತರು. ಉಳಿದ ಮೂರಕ್ಕೋಸ್ಕರ ಅಂದೆ. ಒಪ್ಪಿದರು. ಕೊಯ್ಯುವ ಮೊದಲು ಹಕ್ಕಿಯನ್ನು ಸೋಪಿನ ನೀರಿನಲ್ಲಿ ಪೂರ್ತಿ ನೆನೆಸಬೇಕು, ಗರಿಯ ಧೂಳು ಏಳಬಾರದು. ಮುಖಕ್ಕೆ ಗಟ್ಟಿ ಮಾಸ್ಕ್. ಒಳಗೆ ಯಕೃತ್ತು ಊದಿತ್ತು, ಗುಲ್ಮವೂ ಊದಿತ್ತು, ಗಾಜಿನ ಹಾಗೆ ತೆಳ್ಳಗೆ ಕಾಣಬೇಕಾದ ಗಾಳಿಚೀಲಗಳು ಮಬ್ಬಾಗಿದ್ದವು. ಗಿಣಿ ಜ್ವರದ (ಸಿಟಕೋಸಿಸ್) ಅನುಮಾನ ಬಂತು. ಕ್ಲಮಿಡಿಯಾ ಸಿಟಾಸಿ ಅನ್ನುವ ಬ್ಯಾಕ್ಟೀರಿಯಾ ಅದರ ಮೂಲ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಹೋದ ಗಿಣಿಗಳಿಂದ ಯುರೋಪ್, ಅಮೆರಿಕಗಳಲ್ಲಿ ಜನ ಸತ್ತಿದ್ದು ಇದರಿಂದಲೇ. ಮಾದರಿಯನ್ನು ಪಿಸಿಆರ್ ಪರೀಕ್ಷೆಗೆ ಕಳಿಸಿದೆವು, ಹೌದು ಅಂತ ಬಂತು.

ಆ ವರದಿಗೆ ಕಾಯದೆಯೇ ಉಳಿದ ಮೂರಕ್ಕೂ ಡಾಕ್ಸಿಸೈಕ್ಲಿನ್ ಶುರು ಮಾಡಿದ್ದೆ. ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಅಡಗಿ ಕೂರುವುದರಿಂದ 45 ದಿನ ಬಿಡದೆ ಕೊಡಬೇಕು. ಪಂಜರದಿಂದ ಕಟಲ್ ಬೋನ್ (ಹಕ್ಕಿ ಕುಕ್ಕಲು ಇಡುವ, ಕಡಲಜೀವಿಯ ಸುಣ್ಣದಂಥ ಚಿಪ್ಪು) ತೆಗೆಸಿದೆ, ಅದರ ಕ್ಯಾಲ್ಸಿಯಂ ಔಷಧಿಯನ್ನು ಕಟ್ಟಿಹಾಕುತ್ತದೆ. ಮಾತಿನ ನಡುವೆ ಸೊಸೆ, ಮಾವನವರಿಗೆ ಜ್ವರ, ಒಣ ಕೆಮ್ಮು, ಬಿಡುತ್ತಲೇ ಇಲ್ಲ, ಪಂಜರ ದಿನಾ ಕ್ಲೀನ್ ಮಾಡೋದು ಅವರೇ ಅಂದರು. ಅವರನ್ನು ಅವತ್ತೇ ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಲು ಹೇಳಿ, ನನ್ನ ಲೆಟರ್‌ಹೆಡ್ಡಿನಲ್ಲಿ ಎರಡು ಸಾಲು ಬರೆದುಕೊಟ್ಟೆ: ಮನೆಯಲ್ಲಿ ಗಿಣಿ ಜಾತಿಯ ಹಕ್ಕಿಗಳಿವೆ, ಒಂದು ಸತ್ತಿದೆ, ಸಿಟಕೋಸಿಸ್ ಅನುಮಾನ, ದಯವಿಟ್ಟು ಇದನ್ನು ಗಮನದಲ್ಲಿಟ್ಟು ನೋಡಿ. ಪಂಜರ ತೊಳೆಯುವ ಕೆಲಸ ಅಂದಿನಿಂದ ಸೊಸೆಯ ಗಂಡನಿಗೆ ಬಂತು. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು.